ಡೇರೆಯ ತಂಪು: ಮೊಗಲರ ಬಿಡಾರದಿಂದ ಮಿನಾದವರೆಗೆ



ಮೇ ತಿಂಗಳ ಮದುವೆಯೊಂದರಲ್ಲಿ ಶಾಮಿಯಾನದ ಕೆಳಗೆ ಕುಳಿತದ್ದನ್ನು ಒಮ್ಮೆ ನೆನಪಿಸಿಕೊಳ್ಳಿ. ಆ ಮದುವೆ ಕಲಬುರಗಿಯಲ್ಲೋ ವಿಜಯಪುರದಲ್ಲೋ ಆಗಿದ್ದರೆ, ಮೂಲೆಯಲ್ಲಿ ನೀರು ತುಂಬಿಸಿಟ್ಟ ದೊಡ್ಡ ಕೂಲರೊಂದು ಗುರುಗುಟ್ಟುತ್ತಾ ತಂಪು ಗಾಳಿಯನ್ನು ಬೀಸಿರುತ್ತದೆ. ಹೊರಗೆ ನಲವತ್ತು ಡಿಗ್ರಿಗಿಂತ ಹೆಚ್ಚು ಬಿಸಿಲಿದ್ದರೂ ಅದರ ಮುಂದೆ ಕುಳಿತವರು ಹಾಯಾಗಿ ಬಿರಿಯಾನಿ ತಿಂದು ಎದ್ದಿರುತ್ತಾರೆ. ಅದೇ ಮದುವೆ ಮಂಗಳೂರಿನಲ್ಲೋ ಭಟ್ಕಳದಲ್ಲೋ ನಡೆದಿದ್ದರೆ? ಬಿಸಿಲು ಮೂವತ್ತಮೂರು-ಮೂವತ್ತನಾಲ್ಕು ಡಿಗ್ರಿಯಷ್ಟೇ. ಆದರೆ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತದೆ, ಬೆವರು ಒರೆಸಿದಷ್ಟೂ ಇಳಿಯುತ್ತಿರುತ್ತದೆ. ಅಲ್ಲಿ ಅದೇ ಕೂಲರನ್ನು ತಂದಿಟ್ಟರೆ ಒದ್ದೆ ಗಾಳಿ ಇನ್ನಷ್ಟು ಒದ್ದೆಯಾಗುತ್ತದೆಯೇ ಹೊರತು ತಂಪಾಗುವುದಿಲ್ಲ.

ಹೀಗೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ನಾವು ನಾಲ್ಕು ಶತಮಾನಗಳ ಹಿಂದಿನ ಮೊಗಲ್ ಬಿಡಾರಗಳಿಗೆ, ಅಲ್ಲಿಂದ ಅರಫಾತ್ ಮತ್ತು ಮಿನಾದ ಡೇರೆಗಳಿಗೆ ಬಂದು ತಲುಪುತ್ತೇವೆ. ಆ ದಾರಿಯುದ್ದಕ್ಕೂ ಇನ್ನೊಂದು ಪ್ರಶ್ನೆಯೂ ನಮ್ಮನ್ನು ಹಿಂಬಾಲಿಸುತ್ತದೆ. ಡೇರೆಯೊಳಗೆ ಹೇಗೆ ತಂಪಾಗಿರಬೇಕೆಂಬುದನ್ನು ಮನುಷ್ಯ ಬಹಳ ಹಿಂದೆಯೇ ಕಲಿತ. ಆದರೆ ಆ ಡೇರೆಯೊಳಗೆ ಯಾರಿಗೆ ಜಾಗ?

ನಾವು ಇಂದಿಗೂ ಬಳಸುವ ಶಾಮಿಯಾನ, ಕನಾತು, ತಂಬು ಎಂಬ ಮಾತುಗಳು ಎಲ್ಲಿಂದ ಬಂದವೆಂದು ಯೋಚಿಸಿದ್ದೀರಾ? ಅವೆಲ್ಲ ಫಾರ್ಸಿ, ಉರ್ದುಗಳ ಮೂಲಕ ದಂಡಿನ ಬಿಡಾರಗಳಿಂದ ನಮ್ಮ ಕನ್ನಡಕ್ಕೆ ಇಳಿದು ಬಂದವು. ಶಾಮಿಯಾನವೂ ಕನಾತೂ ಅಕ್ಬರನ ಆಸ್ಥಾನದ ಅಬುಲ್ ಫಜಲ್ ಹದಿನಾರನೆಯ ಶತಮಾನದ ಕೊನೆಯಲ್ಲಿ ಬರೆದ ‘ಐನೆ ಅಕ್ಬರಿ’ಯಲ್ಲಿ ಕಾಣಸಿಗುತ್ತವೆ. ಡೇರೆಗಳ ಬಗ್ಗೆ, ಅವುಗಳನ್ನು ನಿಲ್ಲಿಸುವ ಫರಾಶರ ಬಗ್ಗೆ, ಕುಡಿಯುವ ನೀರಿನ ಇಲಾಖೆಯಾದ ಆಬ್‌ದಾರ್‌ಖಾನೆಯ ಬಗ್ಗೆ ಆ ಗ್ರಂಥದಲ್ಲಿ ಪ್ರತ್ಯೇಕ ಅಧ್ಯಾಯಗಳೇ ಇವೆ.

ಮೊಗಲ್ ಬಾದಶಹರ ಆಡಳಿತ ಬರೀ ಕೋಟೆಯೊಳಗಿನ ಆಡಳಿತವಾಗಿರಲಿಲ್ಲ. ಅವರು ತಿಂಗಳುಗಟ್ಟಲೆ ಡೇರೆಗಳಲ್ಲಿ ವಾಸಿಸಿದರು. ಅಬುಲ್ ಫಜಲ್ ಕೊಡುವ ಲೆಕ್ಕದ ಪ್ರಕಾರ ಬಾದಶಹನ ಒಂದು ಬಿಡಾರವನ್ನು ಸಾಗಿಸಲು 100 ಆನೆ, 500 ಒಂಟೆ, 400 ಗಾಡಿ ಹಾಗೂ 100 ಹೊರೆಯಾಳುಗಳು ಬೇಕಾಗಿದ್ದರು. ಇರಾನ್, ತೂರಾನ್ ಮತ್ತು ಹಿಂದೂಸ್ತಾನದ 1,000 ಫರಾಶರು, ನೆಲ ಸಮಮಾಡುವ 500 ಮಂದಿ, ನೀರು ಹೊರುವ 100 ಭಿಶ್ತಿಗಳು ಅದರೊಂದಿಗೆ ಸಾಗುತ್ತಿದ್ದರು. ಇಂತಹ ಬಿಡಾರದ ಸಾಮಗ್ರಿ ಒಂದಲ್ಲ, ಎರಡು ಜೊತೆ ಇರುತ್ತಿತ್ತು. ಒಂದರಲ್ಲಿ ಬಾದಶಹ ತಂಗಿರುವಾಗ ಇನ್ನೊಂದು ಮುಂದಿನ ಮಜಲಿಗೆ ಹೋಗಿ ಸಿದ್ಧವಾಗಿ ನಿಂತಿರುತ್ತಿತ್ತು. ಅದನ್ನು ‘ಪೇಶ್‌ಖಾನಾ’ ಎನ್ನುತ್ತಿದ್ದರು. ದಾರಿ ನಡೆದು ದಣಿದು ಬಂದವನಿಗೆ ಬಿಸಿಲಲ್ಲಿ ಕಾಯುವ ಕೆಲಸವೇ ಇರಲಿಲ್ಲ. ಸೆಖೆಯನ್ನು ಗೆಲ್ಲುವ ಮೊದಲ ಉಪಾಯ ಇದೇ. ನೆರಳು ನಮಗಿಂತ ಮೊದಲು ಅಲ್ಲಿ ತಲುಪಿರಬೇಕು.

ಎರಡನೆಯ ಉಪಾಯ ಡೇರೆಯ ಬಟ್ಟೆಯಲ್ಲಿತ್ತು. ಬಾದಶಹನ ಡೇರೆಗಳ ಹೊರಮೈ ಕೆಂಪು ಬಟ್ಟೆಯದು, ಒಳಮೈಗೆ ಮಚಲೀಪಟ್ಟಣದ ಹೂವಿನ ಚಿತ್ತಾರದ ಛೀಂಟು. ಹೀಗೆ ಒಳಪದರ ಕೊಟ್ಟದ್ದು ಅಲಂಕಾರಕ್ಕೆ ಮಾತ್ರ ಎಂದು ತಿಳಿಯಬೇಡಿ. ಒಂಟಿ ಬಟ್ಟೆಯ ಡೇರೆ ಬಿಸಿಲಿಗೆ ಕಾದರೆ ಆ ಕಾವು ನೇರವಾಗಿ ಕೆಳಗೆ ಕುಳಿತವನ ನೆತ್ತಿಗೆ ಇಳಿಯುತ್ತದೆ. ಎರಡು ಪದರಗಳ ನಡುವೆ ಗಾಳಿ ಇದ್ದರೆ ಹೊರಪದರದ ಕಾವು ಒಳಪದರಕ್ಕೆ ಸುಲಭವಾಗಿ ದಾಟುವುದಿಲ್ಲ. ಇಂತಹ ಹತ್ತಿಬಟ್ಟೆಯ ಡೇರೆಯೊಂದು ನಮ್ಮ ಕರ್ನಾಟಕದ ಚರಿತ್ರೆಗೂ ಸೇರಿದೆ. ಟಿಪ್ಪು ಸುಲ್ತಾನರದೆಂದು ಪ್ರಸಿದ್ಧವಾದ, ಬಿಳಿ ನೆಲದ ಮೇಲೆ ಹೂಕುಂಡಗಳ ಚಿತ್ತಾರವಿರುವ ಡೇರೆ 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರ ಕ್ಲೈವ್ ಮನೆತನದ ಕೈಸೇರಿತು. ಇಂದು ಅದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಪೊವಿಸ್ ಕೋಟೆಯಲ್ಲಿದೆ. ನಮ್ಮ ಬಿಸಿಲಿಗೆಂದು ಹೊಲಿದ ಬಟ್ಟೆ ಅಲ್ಲಿನ ಶ್ರೀಮಂತರ ತೋಟದ ಔತಣಗಳಿಗೆ ನೆರಳಾದದ್ದು ಚರಿತ್ರೆಯ ವಿಪರ್ಯಾಸವೇ ಸರಿ.

ಮೂರನೆಯ ಉಪಾಯ ನೀರು. ಅಬುಲ್ ಫಜಲ್ ಹೇಳುವ ಒಂದು ಕ್ರಮ ಇಂದಿನ ವಿಜ್ಞಾನದ ವಿದ್ಯಾರ್ಥಿಗಳಿಗೂ ಕುತೂಹಲಕರವಾಗಿದೆ. ಒಂದು ಸೇರು ನೀರನ್ನು ತವರದ ಅಥವಾ ಬೆಳ್ಳಿಯ ಹೂಜಿಯಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಬೇರೊಂದು ಪಾತ್ರೆಯಲ್ಲಿ ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪನ್ನು ಹಾಕುತ್ತಿದ್ದರು. ಹೂಜಿಯನ್ನು ಅದರೊಳಗೆ ಕಾಲು ಗಂಟೆ ತಿರುಗಿಸಿದರೆ ಒಳಗಿನ ನೀರು ತಣ್ಣಗಾಗುತ್ತಿತ್ತು. ಪೆಟ್ಲುಪ್ಪು ನೀರಿನಲ್ಲಿ ಕರಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ ಎಂಬುದೇ ಇದರ ಗುಟ್ಟು. ಮದ್ದುಗುಂಡಿನಲ್ಲಿ ಬೆಂಕಿ ಕಾರುವ ವಸ್ತುವನ್ನೇ ಬಾದಶಹ ತಂಪಿಗೆ ಬಳಸಿದನಲ್ಲಾ ಎಂದು ಅಬುಲ್ ಫಜಲ್ ಮೆಚ್ಚಿಕೊಳ್ಳುತ್ತಾನೆ. 1586ರ ಸುಮಾರಿಗೆ ಆಸ್ಥಾನ ಪಂಜಾಬಿಗೆ ಹೋದ ಮೇಲೆ ಉತ್ತರದ ಬೆಟ್ಟಗಳಿಂದ ಹಿಮವನ್ನು ದೋಣಿಗಳಲ್ಲಿ, ಗಾಡಿಗಳಲ್ಲಿ, ಹೊರೆಯಾಳುಗಳ ತಲೆಯ ಮೇಲೆ ಲಾಹೋರಿಗೆ ತರಿಸುವ ವ್ಯವಸ್ಥೆಯೂ ಆಯಿತು.

ಇನ್ನು ಲಾವಂಚದ ಬೇರು. ಉರ್ದುವಿನಲ್ಲಿ ಇದನ್ನು ಖಸ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಕುಡಿಯುವ ನೀರಿನ ಮಡಕೆಗೆ ಹಾಕುವ ಅದೇ ಪರಿಮಳದ ಬೇರು. ಅದನ್ನು ಹೆಣೆದು ತಟ್ಟಿಗಳನ್ನು ಮಾಡಿ, ನೀರು ಚಿಮುಕಿಸಿ, ಬಿಸಿಗಾಳಿ ಬರುವ ಕಡೆಗೆ ಕಟ್ಟಿದರೆ ಒಳಗೆ ಬರುವ ಗಾಳಿ ತಂಪಾಗಿ, ಸುವಾಸನೆಯಿಂದ ಕೂಡಿರುತ್ತದೆ. ಲಾವಂಚದ ಕೊಠಡಿಗಳು ಬಳಕೆಗೆ ಬಂದ ಶ್ರೇಯಸ್ಸನ್ನು ಅಬುಲ್ ಫಜಲ್ ಅಕ್ಬರನಿಗೇ ಕೊಡುತ್ತಾನೆ. ಬೇಸಿಗೆಯ ನಡುವೆ ಚಳಿಗಾಲ ಹುಟ್ಟಿಬರುತ್ತದೆ ಎಂಬುದು ಅವನ ವರ್ಣನೆಯ ಸಾರ. ಇಂದಿನ ಕೂಲರಿನ ಮೂಲತತ್ತ್ವವೂ ಇದೇ.

ಇದನ್ನೆಲ್ಲ ಕಣ್ಣಾರೆ ಕಂಡ ಒಬ್ಬ ಪರದೇಶಿಯ ಸಾಕ್ಷ್ಯ ನಮಗಿದೆ. ಫ್ರಾನ್ಸಿನ ವೈದ್ಯ ಫ್ರಾನ್ಸ್ವಾ ಬರ್ನಿಯೆ 1660ರ ದಶಕದಲ್ಲಿ ಮೊಗಲ್ ಅಮೀರ ದಾನಿಶ್‌ಮಂದ್ ಖಾನನ ಆಶ್ರಯದಲ್ಲಿದ್ದು, ಬಾದಶಹ ಔರಂಗಜೇಬನ ಬಿಡಾರದೊಂದಿಗೆ ದೆಹಲಿಯಿಂದ ಕಾಶ್ಮೀರಕ್ಕೆ ಪ್ರಯಾಣ ಮಾಡಿದ. ದಾರಿಯಲ್ಲಿ ಬರೆದ ಪತ್ರಗಳಲ್ಲಿ ಅವನು ನೀರನ್ನು ತಂಪಾಗಿಡುವ ಬಗೆಯನ್ನು ವಿವರಿಸಿದ್ದಾನೆ. ತವರದ ಹೂಜಿಗೆ ಕೆಂಪು ಬಟ್ಟೆಯ ಚೀಲ ತೊಡಿಸುತ್ತಿದ್ದರು. ಆ ಬಟ್ಟೆಯನ್ನು ಸದಾ ಒದ್ದೆಯಾಗಿಡುತ್ತಿದ್ದರು. ನಿಲ್ಲಿಸುವಾಗ ನೆಲಕ್ಕೆ ತಾಗದಂತೆ ಮೂರು ಕೋಲುಗಳ ಸಣ್ಣ ಆಸರೆಯ ಮೇಲೆ ಗಾಳಿಗೆ ಇಡುತ್ತಿದ್ದರು. ಒದ್ದೆ ಬಟ್ಟೆ ಗಾಳಿಯಲ್ಲಿನ ಬೆಂಕಿಯ ಕಣಗಳನ್ನು ತಡೆಯುತ್ತದೆಂಬ ಅವನ ಊಹೆ ಇಂದು ಒಪ್ಪುವಂಥದ್ದಲ್ಲ. ಆದರೆ ಒದ್ದೆ ಬಟ್ಟೆ ಮತ್ತು ಚಲಿಸುವ ಗಾಳಿ ಎರಡೂ ಬೇಕೇ ಬೇಕು ಎಂಬ ಅವನ ಅವಲೋಕನ ನೂರಕ್ಕೆ ನೂರು ಸರಿ. ಡೇರೆಗಳಲ್ಲಿ ಈ ಕ್ರಮ, ಮನೆಗಳಲ್ಲಿ ಮಣ್ಣಿನ ಹೂಜಿ, ದೊಡ್ಡವರಿಗೆ ಎಲ್ಲಿದ್ದರೂ ಪೆಟ್ಲುಪ್ಪು. ಹೀಗೆ ತಂಪಿನಲ್ಲೂ ಅಂತಸ್ತುಗಳಿದ್ದವು.

ಆ ಅಂತಸ್ತು ಎಷ್ಟು ಕ್ರೂರವಾದದ್ದು ಎಂಬುದನ್ನು ಲಾಹೋರಿನಾಚೆಯ ದಾರಿಯಲ್ಲಿ ಬರ್ನಿಯೆ ಕಂಡ. ಸೆಖೆ ತಡೆಯಲಾರದೆ ಅವನ ಮೈಮೇಲೆಲ್ಲ ಕೆಂಪು ಬೆವರುಸಾಲೆ ಎದ್ದು ಸೂಜಿಯಂತೆ ಚುಚ್ಚತೊಡಗಿತು. ಉಳಿದಿದ್ದ ನಾಲ್ಕೈದು ನಿಂಬೆಹಣ್ಣು, ಸಕ್ಕರೆ ಬೆರೆಸಿ ನೀರಿನಲ್ಲಿ ಕದಡಿ ಕುಡಿಯಲು ಒಂದಿಷ್ಟು ಒಣಮೊಸರು, ಇವೇ ತನ್ನ ಆಸರೆ ಎಂದು ಅವನು ಬರೆದ. ಅದೇ ಪತ್ರದಲ್ಲಿ ಇನ್ನೊಂದು ಸುದ್ದಿಯೂ ಇದೆ. ಡೇರೆ ಇಲ್ಲದ ಒಬ್ಬ ಬಡ ಸವಾರ ನೆರಳಿಗಾಗಿ ಮರವೊಂದರ ಬುಡಕ್ಕೆ ತೆವಳಿಕೊಂಡು ಹೋಗಿದ್ದ. ಅಲ್ಲಿಯೇ ಅವನ ಶವ ಸಿಕ್ಕಿತು.

ಓದುಗರೇ, ಈ ಸವಾರನ ಹೆಸರು ಚರಿತ್ರೆಯಲ್ಲಿ ದಾಖಲಾಗಿಲ್ಲ. ಅವನು ತಂಗಿದ್ದ ಅದೇ ಬಿಡಾರದಲ್ಲಿ ಜೋಡಿ ಪದರದ ಡೇರೆಗಳಿದ್ದವು, ಒದ್ದೆ ಬಟ್ಟೆಯ ಹೂಜಿಗಳಿದ್ದವು, ಪೆಟ್ಲುಪ್ಪಿನ ತಣ್ಣೀರಿತ್ತು. ತಂಪಿನ ವಿದ್ಯೆಗೆ ಅಲ್ಲಿ ಕೊರತೆ ಇರಲಿಲ್ಲ. ಅದು ಅವನವರೆಗೆ ತಲುಪಲಿಲ್ಲ, ಅಷ್ಟೇ.

ಈಗ ನಾವು ಮೊದಲಿನ ಪ್ರಶ್ನೆಗೆ ಮರಳೋಣ. ಲಾವಂಚದ ತಟ್ಟಿ ಕಲಬುರಗಿಯಲ್ಲಿ ಗೆದ್ದು ಮಂಗಳೂರಿನಲ್ಲಿ ಸೋಲುವುದೇಕೆ? ನೀರು ಆವಿಯಾಗುವಾಗ ತನ್ನೊಂದಿಗೆ ಶಾಖವನ್ನು ಒಯ್ಯುತ್ತದೆ. ಒಣಗಾಳಿ ನೀರನ್ನು ಆತುರದಿಂದ ಕುಡಿಯುತ್ತದೆ, ಆದುದರಿಂದ ತಟ್ಟಿ ತಂಪಾಗುತ್ತದೆ. ಕರಾವಳಿಯ ಗಾಳಿ ಸಮುದ್ರದ ನೀರನ್ನು ಕುಡಿದು ಮೊದಲೇ ತುಂಬಿಕೊಂಡಿರುತ್ತದೆ. ಇನ್ನು ತಟ್ಟಿಯ ನೀರಿಗೆ ಅದರಲ್ಲಿ ಜಾಗವೆಲ್ಲಿ? ನಮ್ಮ ಮೈಯ ಬೆವರಿನ ಕಥೆಯೂ ಇದೇ. ಬೆವರು ಸುರಿಯುವುದರಿಂದ ಮೈ ತಂಪಾಗುವುದಿಲ್ಲ, ಬೆವರು ಆರುವುದರಿಂದ ತಂಪಾಗುತ್ತದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವ ಉಷ್ಣತೆ 35 ಡಿಗ್ರಿ ಮುಟ್ಟಿದರೆ ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಹೆಚ್ಚು ಹೊತ್ತು ಬದುಕಲಾರ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದರು. 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸಂಶೋಧಕರು ಯುವಜನರ ಮೇಲೆ ಪರೀಕ್ಷೆ ನಡೆಸಿದಾಗ, ತೇವದ ಗಾಳಿಯಲ್ಲಿ ದೇಹ ತನ್ನ ಉಷ್ಣತೆಯ ಹಿಡಿತ ಕಳೆದುಕೊಳ್ಳುವುದು 30-31 ಡಿಗ್ರಿಯ ಸುಮಾರಿಗೇ ಎಂದು ಕಂಡುಬಂತು. ವೃದ್ಧರಿಗೆ, ರೋಗಿಗಳಿಗೆ ಆ ಮಿತಿ ಇನ್ನೂ ಕೆಳಗಿರುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ತೇವದ ನಾಡಿನಲ್ಲಿ ಡೇರೆ ಹಾಕುವವರು ಏನು ಮಾಡಬೇಕು? ಅಲ್ಲಿ ನೀರಿನ ಉಪಾಯ ಬಿಟ್ಟು ಗಾಳಿಯ ಉಪಾಯ ಹಿಡಿಯಬೇಕು. ಇದಕ್ಕೆ ಅರಬ್ ಬದವಿಗಳ ಆಡಿನ ಕೂದಲಿನ ಕಪ್ಪು ಡೇರೆ ಒಳ್ಳೆಯ ಪಾಠ. ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ ನಿಜ. ಆದರೆ ಅದರ ನೆರಳು ದಟ್ಟವಾದದ್ದು, ಹೆಣಿಗೆ ಸಡಿಲವಾದದ್ದು. ಬಿಸಿಯಾದ ಗಾಳಿ ನೂಲುಗಳ ಸಂದಿನಿಂದ ಹೊರಗೆ ಹೋಗುತ್ತದೆ, ಪಕ್ಕದ ಪರದೆಗಳನ್ನು ಎತ್ತಿಕಟ್ಟಿದರೆ ಕೆಳಗಿನಿಂದ ಹೊಸ ಗಾಳಿ ಒಳಗೆ ಬರುತ್ತದೆ. ಮಳೆ ಬಿದ್ದರೆ ನೂಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ.

ನಮ್ಮ ವಿದ್ಯಾರ್ಥಿಗಳು ರಜೆಯ ಶಿಬಿರಗಳಿಗೆ ಹೋಗುತ್ತಾರೆ. ನೆರೆ ಬಂದಾಗ ಪರಿಹಾರ ಶಿಬಿರಗಳನ್ನು ನಡೆಸುವವರೂ ನಮ್ಮಲ್ಲಿದ್ದಾರೆ. ಅಂಥವರು ಈ ಪಾಠವನ್ನು ಮನಸ್ಸಿನಲ್ಲಿಡಬೇಕು. ಡೇರೆಗೆ ತಗ್ಗಿನ ಜಾಗ ಬೇಡ, ಗಾಳಿ ಬೀಸುವ ದಿಬ್ಬವನ್ನು ಆರಿಸಿ. ಮಧ್ಯಾಹ್ನದ ನಂತರ ನೆರಳು ಬೀಳುವಂತೆ ಮರದ ಪೂರ್ವಕ್ಕೆ ಡೇರೆ ಹಾಕಿ, ಏಕೆಂದರೆ ಇಳಿಹೊತ್ತಿನ ಬಿಸಿಲೇ ಹೆಚ್ಚು ಕಾಡುವುದು. ಡೇರೆಯ ಮೇಲೆ ಒಂದು ಮೊಳ ಎತ್ತರದಲ್ಲಿ ಇನ್ನೊಂದು ಬಟ್ಟೆ ಕಟ್ಟಿದರೆ ಮೊಗಲರ ಜೋಡಿ ಪದರ ನಿಮಗೂ ಸಿಕ್ಕಿತು. ಕನಾತುಗಳನ್ನು ಎದುರುಬದುರಾಗಿ ಎತ್ತಿಕಟ್ಟಿ. ಕರಾವಳಿಯಲ್ಲಿ ಡೇರೆಯೊಳಗೆ ನೀರು ಚಿಮುಕಿಸಬೇಡಿ, ಒದ್ದೆ ಬಟ್ಟೆ ಒಣಹಾಕಬೇಡಿ, ಅಡುಗೆ ಮಾಡಬೇಡಿ. ನೀರನ್ನು ನೇರವಾಗಿ ಮೈಮೇಲೆ ಹಾಕಿಕೊಂಡು ಬೀಸಣಿಗೆಯಿಂದ ಬೀಸಿಕೊಳ್ಳಿ. ನೆಲದ ಮೇಲಿನ ಹಾಸಿಗೆಗಿಂತ ಹಗ್ಗದ ಮಂಚ ಲೇಸು, ಅದರ ಕೆಳಗೂ ಗಾಳಿ ಆಡುತ್ತದೆ. ಬರ್ನಿಯೆಯ ನಿಂಬೆ-ಮೊಸರಿನ ಪಾನಕವನ್ನು ಮರೆಯಬೇಡಿ, ಅದಕ್ಕೆ ಚಿಟಿಕೆ ಉಪ್ಪು ಸೇರಿಸಿ. ಯಾರಾದರೂ ತೊದಲಿದರೆ, ತೂರಾಡಿದರೆ, ಪ್ರಜ್ಞೆ ತಪ್ಪಿದರೆ ಅದು ಬರೀ ಆಯಾಸವಲ್ಲ, ಪ್ರಾಣಾಪಾಯ. ಕೂಡಲೇ ನೆರಳಿಗೆ ತಂದು ಮೈಗೆಲ್ಲ ತಣ್ಣೀರು ಸುರಿಯುತ್ತಾ, ಗಾಳಿ ಹಾಕುತ್ತಾ ಆಸ್ಪತ್ರೆಗೆ ಸಾಗಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಡೇರೆಯ ಚರಿತ್ರೆ ಹೇಳುವಾಗ ಹಜ್ಜನ್ನು ಬಿಡಲಾಗದು. ಜಗತ್ತಿನಲ್ಲಿ ಅಷ್ಟು ಜನ ಒಟ್ಟಾಗಿ ಡೇರೆಗಳಲ್ಲಿ ತಂಗುವ ಸಂದರ್ಭ ಬೇರೆ ವಿರಳ. ಕ್ರಿ.ಶ. 632ರ ವಿದಾಯದ ಹಜ್ಜಿನಲ್ಲಿ ಪ್ರವಾದಿ ಮುಹಮ್ಮದ್(ಸ)ರಿಗಾಗಿ ಅರಫಾತ್ ಬಳಿಯ ನಮಿರಾದಲ್ಲಿ ಕೂದಲಿನ ಡೇರೆಯೊಂದನ್ನು ಹಾಕಲಾಗಿತ್ತು. ಜಮ್ರಾಕ್ಕೆ ಕಲ್ಲೆಸೆಯುವ ವೇಳೆ ಹ. ಬಿಲಾಲ್(ರ) ಮತ್ತು ಹ. ಉಸಾಮಾ(ರ) ಪೈಕಿ ಒಬ್ಬರು ಒಂಟೆಯ ಮೂಗುದಾರ ಹಿಡಿದಿದ್ದರೆ ಇನ್ನೊಬ್ಬರು ಬಟ್ಟೆ ಎತ್ತಿಹಿಡಿದು ಪ್ರವಾದಿ(ಸ)ರಿಗೆ ಬಿಸಿಲು ತಾಗದಂತೆ ನೆರಳು ಮಾಡಿದ್ದರೆಂದು ಹದೀಸಿನಲ್ಲಿ ವರದಿಯಾಗಿದೆ. ಮಿನಾದಲ್ಲಿ ತಮಗಾಗಿ ನೆರಳಿನ ಕಟ್ಟಡವೊಂದನ್ನು ಕಟ್ಟಿಸಿಕೊಳ್ಳಲು ಅವರು ಒಪ್ಪಲಿಲ್ಲ, ಆ ಜಾಗ ಮೊದಲು ಬಂದು ಇಳಿದವರದು ಎಂದರೆಂಬ ವರದಿಯೂ ಇದೆ. ನೆರಳು ಬೇಕು, ಆದರೆ ಅದು ಯಾರೊಬ್ಬರ ಸ್ವತ್ತೂ ಆಗಬಾರದು ಎಂಬುದನ್ನು ಇಲ್ಲಿ ನಾವು ಗಮನಿಸಬೇಕು.

ಇಂದಿನ ಮಿನಾ ಬಹಳ ಬದಲಾಗಿದೆ. 1997ರ ಎಪ್ರಿಲ್ 15ರಂದು ಅಲ್ಲಿ ಬೆಂಕಿ ಹತ್ತಿಕೊಂಡು ಸುಮಾರು 70,000 ಡೇರೆಗಳು ಸುಟ್ಟುಹೋದವು, 343 ಯಾತ್ರಿಕರು ಮರಣ ಹೊಂದಿದರು. ಆ ನಂತರ ಹತ್ತಿಬಟ್ಟೆಯ ಡೇರೆಗಳ ಬದಲು ಬೆಂಕಿ ನಿರೋಧಕ ಗಾಜುನಾರಿನ ಬಟ್ಟೆಯ ಬಿಳಿ ಡೇರೆಗಳನ್ನು ನಿಲ್ಲಿಸಲಾಯಿತು. ಅವುಗಳ ಸಂಖ್ಯೆ ಒಂದು ಲಕ್ಷಕ್ಕೂ ಹೆಚ್ಚು. ಒಳಗೆ ನೀರಿನ ಕೂಲರುಗಳನ್ನು ಅಳವಡಿಸಿದರು. ಮಕ್ಕಾದ ಬೇಸಿಗೆಯ ಗಾಳಿ ಒಣಗಿರುವುದರಿಂದ ಅಕ್ಬರನ ಲಾವಂಚದ ತಟ್ಟಿಯ ತತ್ತ್ವ ಅಲ್ಲಿ ಫಲಿಸುತ್ತದೆ. ಅರಫಾತಿನ ಬಯಲಿನಲ್ಲಿ 1980ರ ದಶಕದಲ್ಲಿ ಸುಮಾರು 50,000 ಬೇವಿನ ಗಿಡಗಳನ್ನು ನೆಡಲಾಯಿತು. ನಮ್ಮೂರಿನ ಜಗಲಿಯ ಮುಂದಿನ ಬೇವು ಅಲ್ಲಿ ಹಾಜಿಗಳಿಗೆ ನೆರಳು ಕೊಡುತ್ತಿದೆ ಎಂದರೆ ಎಷ್ಟು ಸಂತೋಷದ ವಿಷಯ!

ಆದರೂ 2024ರ ಜೂನ್ ತಿಂಗಳ ಹಜ್ಜಿನಲ್ಲಿ ಏನಾಯಿತು? ಮಸ್ಜಿದುಲ್ ಹರಾಮ್‌ನಲ್ಲಿ ಉಷ್ಣತೆ 51.8 ಡಿಗ್ರಿ ಮುಟ್ಟಿತು. ಸೌದಿ ಸರಕಾರ ಪ್ರಕಟಿಸಿದ ಲೆಕ್ಕದಂತೆ 1,301 ಮಂದಿ ಮೃತಪಟ್ಟರು. ಅವರಲ್ಲಿ ನೂರಕ್ಕೆ 83 ಮಂದಿ ನೋಂದಣಿ ಇಲ್ಲದೆ ಬಂದವರು. ಅಂಥವರಿಗೆ ಮಿನಾದ ತಂಪು ಡೇರೆಗಳಲ್ಲಿ ಜಾಗವಿರಲಿಲ್ಲ. ನೆರಳಿಲ್ಲದೆ, ವಿಶ್ರಾಂತಿಯಿಲ್ಲದೆ ಸುಡುಬಿಸಿಲಿನಲ್ಲಿ ಬಹು ದೂರ ನಡೆದರು. ಅವರಲ್ಲಿ ಅನೇಕರು ವೃದ್ಧರೂ ದೀರ್ಘಕಾಲದ ರೋಗಿಗಳೂ ಆಗಿದ್ದರು. ಬರ್ನಿಯೆ ಕಂಡ ಆ ಸವಾರನ ನೆನಪು ನಿಮಗೂ ಬಂದಿರಬೇಕು. ಮೂರೂವರೆ ಶತಮಾನ ಕಳೆದರೂ ಬಿಸಿಲು ಮೊದಲು ಕೊಂಡುಹೋಗುವುದು ಡೇರೆಯ ಹೊರಗಿದ್ದವನನ್ನೇ.

ಇದರಲ್ಲಿ ನಮಗೂ ಪಾಠವಿದೆ. ಹಣ ಉಳಿಸಲು ಹೋಗಿ, ಅಡ್ಡದಾರಿ ತೋರಿಸುವ ದಲ್ಲಾಳಿಗಳ ಮಾತು ನಂಬಿ ನಮ್ಮ ವೃದ್ಧ ತಂದೆತಾಯಿಗಳನ್ನು ಅನುಮತಿಪತ್ರವಿಲ್ಲದೆ ಕಳುಹಿಸುವುದೆಂದರೆ ಅವರನ್ನು ಡೇರೆಯ ಹೊರಗೆ ನಿಲ್ಲಿಸಿದಂತೆ. ಹಜ್ಜಿನ ಕಾಲ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತಾ ಹೋಗುವುದರಿಂದ ಮುಂದಿನ ವರ್ಷಗಳಲ್ಲಿ ಅದು ಚಳಿಗಾಲದತ್ತ ಸಾಗುತ್ತದೆ. ಸುಮಾರು 33 ವರ್ಷಗಳ ಸುತ್ತು ತಿರುಗುತ್ತಾ ಬೇಸಿಗೆ ಮತ್ತೆ ಬಂದೇ ಬರುತ್ತದೆ. ಆಗಿನ ಬೇಸಿಗೆ ಈಗಿನದಕ್ಕಿಂತ ಹೆಚ್ಚು ಬಿಸಿಯಾಗಿರುವ ಸಂಭವವಿದೆ. ಇಂದು ನಮ್ಮ ಶಾಲೆಗಳಲ್ಲಿ ಓದುತ್ತಿರುವ ಮಕ್ಕಳು ಆ ಹೊತ್ತಿಗೆ ಹಾಜಿಗಳಾಗಿಯೋ, ಹಾಜಿಗಳ ಸೇವೆ ಮಾಡುವ ಸ್ವಯಂಸೇವಕರಾಗಿಯೋ, ವೈದ್ಯರಾಗಿಯೋ ಅಲ್ಲಿರುತ್ತಾರೆ. ಬೆವರು ಆರುವುದರ ವಿಜ್ಞಾನವನ್ನೂ, ಬಿಡಾರಗಳ ಚರಿತ್ರೆಯನ್ನೂ ಅವರಿಗೆ ಈಗಲೇ ಕಲಿಸೋಣ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮುಂದಿನ ಬೇಸಿಗೆಯಲ್ಲಿ ನಿಮ್ಮ ಮನೆಯ ಮದುವೆಗೆ ಶಾಮಿಯಾನ ಹಾಕಿಸುತ್ತೀರಿ. ಅತಿಥಿಗಳಿಗೆ ನೆರಳು, ಗಾಳಿ, ಶರಬತ್ತು ಎಲ್ಲವೂ ಸಿದ್ಧವಾಗಿರುತ್ತದೆ. ಆಗ ಒಮ್ಮೆ ಕನಾತಿನ ಹಿಂದಕ್ಕೆ ಹೋಗಿ ನೋಡಿ. ಅಲ್ಲಿ ಬಿಸಿಲಿನಲ್ಲಿ ಒಲೆಯ ಮುಂದೆ ನಿಂತ ಬಾಣಸಿಗ, ಪಾತ್ರೆ ತೊಳೆಯುವ ಹೆಂಗಸು, ಕಂಬ ನಿಲ್ಲಿಸಿ ದಣಿದ ಹುಡುಗ ಇರುತ್ತಾರೆ. ಒಂದು ತುಂಡು ಬಟ್ಟೆ, ಒಂದು ಬೀಸಣಿಗೆ, ಒಂದು ಹೂಜಿ ತಣ್ಣೀರು ಅವರಿಗೂ ಸಿಗಲಿ.